ವೀಳ್ಯ ಮೆದ್ದ ಗೋಲ್‌ಕೀಪರ್

ಅವತ್ತು ಹೋಟೆಲಿನ ಕಾಫಿ ಸರಿಯಾಗಿ ಬಿಸಿ ಇದ್ದಿದ್ದರೆ ನಂಜುಂಡೇಶನಿಗೆ ಈ ಗತಿ ಬರುತ್ತಿರಲಿಲ್ಲ. ಬಿಸಿ ಕಾಫಿಯನ್ನು ಊದಿ ಊದಿ ಕುಡಿಯಬೇಕು, ಊದುವ ಬಾಯಿ ಮಾತಾಡುವುದಿಲ್ಲ. ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ ಈ ಪುಣ್ಯಾತ್ಮ, ನಂಜನಗೂಡು ಹಾಕಿ ಕ್ಲಬ್ಬಿನ ಸೆಕ್ರೆಟ್ರಿ, ಹೋಟೆಲಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟ:

"ಈ ಸಲಾನೂ ನಾವು ಕೊನೇಲಿ ಬಂದ್ರೆ ಪೆಟ್ಟಿಗೆ ಕೀಲಿಕೈ ನಿನ್ ಕೈಗಿಟ್ಟು ಮನೇಲಿ ಕೂತ್ಕೋತೀನಿ ಕಣೋ ಚಿಕ್ಕಸ್ವಾಮಿ!"

"ನಂಜುಂಡೇಶ್ವರನಾಣೆಗೂ?"

"ಆಣೆಗೂ!"

ಚಿಕ್ಕಸ್ವಾಮಿ ಆಫೀಸಿನಲ್ಲಿ ಪಕ್ಕದ ಮೇಜಿನವನು, ಬೀದಿಯಲ್ಲಿ ಪಕ್ಕದ ಮನೆಯವನು. ಸೆಕ್ರೆಟ್ರಿಗಿರಿಯ ಮೇಲೆ ಅವನ ಕಣ್ಣು ಬಿದ್ದು ವರ್ಷಗಳೇ ಆಗಿದ್ದವು. ಪೆಟ್ಟಿಗೆ ಅಂದರೆ ಕ್ಲಬ್ಬಿನ ಸ್ಟಿಕ್ಕು, ಚೆಂಡು, ಪ್ಯಾಡು ಇಟ್ಟಿದ್ದ ತಗಡಿನ ಟ್ರಂಕು. ಅದರ ಕೀಲಿಕೈ ಹದಿನಾಲ್ಕು ವರ್ಷದಿಂದ ನಂಜುಂಡೇಶನ ಉಡಿದಾರದಲ್ಲಿ ನೇತಾಡುತ್ತಿತ್ತು. ಆಫೀಸಿನಲ್ಲಿ ಅವನನ್ನು "ಏಯ್, ಆ ಫೈಲ್ ತಗೊಂಬಾ" ಅನ್ನುವವರೇ ಎಲ್ಲ. ಸಂಜೆ ಮೈದಾನಕ್ಕೆ ಬಂದರೆ ಮಾತ್ರ "ಸೆಕ್ರೆಟ್ರಿ ಸಾರ್". ಆ ಎರಡು ಮಾತು ಹೋದರೆ ಅವನ ಹತ್ತಿರ ಉಳಿಯುವುದೇನು ಹೇಳಿ?

ಪ್ರತಿ ವರ್ಷ ಟಿ. ನರಸೀಪುರದ ಹೊಳೆದಂಡೆಯ ಮೈದಾನದಲ್ಲಿ ನಾಲ್ಕೂರಿನ ಪಂದ್ಯ ನಡೆಯುತ್ತಿತ್ತು. ನರಸೀಪುರ ಒಂದನೆಯದು, ತಾಂಡವಪುರ ಎರಡು, ಕವಲಂದೆ ಮೂರು, ನಂಜನಗೂಡು ನಾಲ್ಕು. ಆರು ವರ್ಷದಿಂದ ಈ ಸಾಲು ಅಲುಗಾಡಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತು, ಗೋಲಿನಲ್ಲಿ ನಿಲ್ಲುತ್ತಿದ್ದವನೂ ನಂಜುಂಡೇಶನೇ. ಅವನ ಕಾಲ ಸಂದಿಯಲ್ಲಿ ಚೆಂಡಿರಲಿ, ಎಮ್ಮೆಗರು ನುಗ್ಗಿ ಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಈ ಪಂದ್ಯಕ್ಕೊಂದು ಪದ್ಧತಿ ಇತ್ತು. ಯಾವ ಊರಿನ ಪಟ್ಟಿಯಲ್ಲೂ ಹೆಸರಿಲ್ಲದವನು ಬಿಡಿ ಆಟಗಾರ. ಅವನನ್ನು ಯಾರು ಬೇಕಾದರೂ, ಯಾವ ಆಟಕ್ಕೆ ಬೇಕಾದರೂ ಸೇರಿಸಿಕೊಳ್ಳಬಹುದು. ಸಹಿಗಿಹಿ ಏನೂ ಇಲ್ಲ. ಸೆಕ್ರೆಟ್ರಿ ವೀಳ್ಯ ಕೊಡಬೇಕು, ಆಟಗಾರ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡನೋ, ಅವತ್ತು ಹೊತ್ತು ಮುಳುಗುವವರೆಗೆ ಅವನು ಆ ಊರಿನ ಮಗ. ಆಮೇಲೆ ಉಗಿದರೂ ಬಿಡುಗಡೆ ಇಲ್ಲ.

ತೊಂಬತ್ತೆಂಟನೇ ಇಸವಿಯ ಆ ಭಾನುವಾರ ನಂಜುಂಡೇಶ ಎರಡು ಕಟ್ಟು ವೀಳ್ಯದೆಲೆ ಕಂಕುಳಲ್ಲಿಟ್ಟುಕೊಂಡು ಮೊದಲನೇ ಬಸ್ಸಿಗೇ ನರಸೀಪುರದಲ್ಲಿಳಿದ. ಹಿಂದೆಯೇ ಅವನ ಹತ್ತು ಜನ ಆಟಗಾರರು, ಅವರ ಹಿಂದೆ ಚಿಕ್ಕಸ್ವಾಮಿ.

ಮೈದಾನದ ಹುಣಸೇಮರಕ್ಕೆ ಕರಿಹಲಗೆ ಒರಗಿಸಿಕೊಂಡು ರಾಚಯ್ಯ ಮೇಷ್ಟ್ರು ಕೂತಿದ್ದರು. ರಿಟೈರಾದ ಡ್ರಿಲ್ ಮೇಷ್ಟ್ರು. ಆಟ ಶುರುವಾಗುವ ಮೊದಲೇ ಯಾರು ಎಷ್ಟನೆಯವರಾಗಿ ಬರುತ್ತಾರೆ ಅಂತ ಸೀಮೆಸುಣ್ಣದಲ್ಲಿ ಬರೆಯುವುದು ಅವರ ಹಕ್ಕು. ನಂಜನಗೂಡಿನ ಮುಂದೆ ಆಗಲೇ ನಾಲ್ಕು ಬಿದ್ದಿತ್ತು.

"ತಾಳಿ ಮೇಷ್ಟ್ರೇ, ಒಸಿ ತಾಳಿ," ಅಂದ ನಂಜುಂಡೇಶ.

ಹೊಳೆಯಲ್ಲಿ ಮಿಂದು ಬರುತ್ತಿದ್ದ ಇಬ್ಬರು ಕೊಡಗಿನ ಮಿಲಿಟರಿಯವರಿಗೆ ಅವನು ಮೊದಲ ವೀಳ್ಯ ಕೊಟ್ಟ. ಅವರು ಹಾಕಿಕೊಂಡರು. ಹಲಗೆಯ ಮೇಲೆ ನಂಜನಗೂಡು ಮೂರಕ್ಕೆ ಏರಿತು. ಇಬ್ಬರು ಒಳಗೆ ಬಂದರೆ ಇಬ್ಬರು ಹೊರಗೆ ಹೋಗಬೇಕಲ್ಲ. ಗಾರೆ ಕೆಲಸದ ಮಾದುವಿನ ಹೆಸರಿಗೆ ಗೆರೆ ಬಿತ್ತು. ಮಾದು ಎಂಟು ವರ್ಷದಿಂದ ಬರಿಗಾಲಲ್ಲಿ ಓಡಿ ಆಡಿದವನು.

"ನಾನೇನ್ ತಪ್ ಮಾಡ್ದೆ ಸಾ?"

"ತಪ್ಪೇನಿಲ್ಲ ಕಣಯ್ಯ. ಹಲಗೆ ನೋಡು, ಮೇಲಕ್ಕೆ ಹೋಗ್ತಾ ಇದೀವಿ."

"ಓಗ್ತಿರೋರು ನೀವು ಸಾ. ನಾನು ಕೆಳಗೇ ನಿಂತಿವ್ನಲ್ಲ," ಅಂದ ಮಾದು.

ಅಷ್ಟರಲ್ಲಿ ಮೈಸೂರಿನ ಲೀಗ್ ಆಡುವ ಎಂಟು ಜನ, ಯಾವ ಊರಾದರೂ ಕರೆದೀತು ಅಂತ, ವ್ಯಾನು ಮಾಡಿಕೊಂಡು ಬಂದಿಳಿದರು. ನಂಜುಂಡೇಶ ವ್ಯಾನಿನ ಬಾಗಿಲಲ್ಲೇ ನಿಂತು ಮದುವೆ ಮನೆಯವನ ಹಾಗೆ ಎಂಟು ಜನಕ್ಕೂ ವೀಳ್ಯ ಹಂಚಿದ. ಮೇಷ್ಟ್ರು ನಾಲ್ಕೂ ಊರಿನ ಹೆಸರು ಅಳಿಸಿ ಹೊಸದಾಗಿ ಬರೆದರು. ನಂಜನಗೂಡು, ಎರಡು! ಒಬ್ಬನೂ ಚೆಂಡು ಮುಟ್ಟಿರಲಿಲ್ಲ, ಆಗಲೇ ಎರಡು. ತಂಡದಲ್ಲಿ ನಂಜನಗೂಡಿನವನು ಅಂತ ಉಳಿದಿದ್ದವನು ನಂಜುಂಡೇಶ ಒಬ್ಬನೇ.

"ಒಂದು ಯಾಕಿಲ್ಲ ಮೇಷ್ಟ್ರೇ?"

"ಅಡ್ಡಿ ಇರೋದು ಒಂದೇ ಕಣಪ್ಪ," ಅಂದರು ರಾಚಯ್ಯ. "ಗೋಲ್‌ಕೀಪರು."

ಸುತ್ತ ನಿಂತವರು ಕಿಸಕ್ಕೆಂದರು. ಚಿಕ್ಕಸ್ವಾಮಿ ಬಹಳ ಕಳಕಳಿಯಿಂದ ಕಿವಿಯಲ್ಲಿ ಹೇಳಿದ: "ವ್ಯಾನ್ ಜೊತೆ ಬೈಕಲ್ಲಿ ಮದನ್ ಅಂತ ಒಬ್ಬ ಬಂದವ್ನೆ. ಗೋಡೆ ಇದ್ದಂಗವ್ನೆ. ಊರಿನ ಮಾನ ದೊಡ್ಡದೋ, ನಿನ್ ಪ್ಯಾಡ್ ದೊಡ್ಡದೋ?"

ನಂಜುಂಡೇಶ ಪ್ಯಾಡನ್ನು ಎದೆಗೆ ಅವಚಿಕೊಂಡ. ಆದರೂ ಹನ್ನೊಂದನೇ ವೀಳ್ಯ ಮದನ್ ಕೈಗಿಟ್ಟು ತನ್ನ ಹೆಸರಿಗೆ ತಾನೇ ಗೆರೆ ಎಳೆದ. ಮೇಷ್ಟ್ರು ಒಂದು ಅಂತ ದಪ್ಪಗೆ ಬರೆದರು.

ಬೆಳಗಿನ ಆಟ ನರಸೀಪುರದ ಮೇಲೆ. ಸೊನ್ನೆ, ಮೂರು. ಮೂರು ಯಾರದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಮನೆಯ ಅಳಿಯಂದಿರು ಒಂದೇ ಪಂಕ್ತಿಯಲ್ಲಿ ಕೂತ ಹಾಗಿತ್ತು, ಎಲ್ಲರೂ ತನಗೇ ಮೊದಲು ಬಡಿಸಲಿ ಅನ್ನುವವರೇ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. "ಏಯ್ ಮಿಲಿಟರಿ, ಕೊಡೋ!" "ಏಯ್ ವ್ಯಾನು, ಬಿಡೋ!" ಇದೇ ಆಯಿತು. ಅತ್ತ ಕವಲಂದೆಯೂ ತಾಂಡವಪುರಕ್ಕೆ ಸೋತಿತು, ಅವರ ಗೋಲ್‌ಕೀಪರನ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಸೋತ ಇಬ್ಬರೂ ಸಂಜೆ ಆಡಬೇಕು. ಗೆದ್ದವರು ಮೂರು, ಸೋತವರು ನಾಲ್ಕು.

ಮಧ್ಯಾಹ್ನ ನಂಜುಂಡೇಶ ತಂದಿದ್ದ ಚಿತ್ರಾನ್ನವನ್ನು ಹನ್ನೊಂದು ಜನ ವೀರರೇ ಖಾಲಿ ಮಾಡಿದರು. ಅವನು ಹಸಿದು, ಉಡಿದಾರದ ಕೀಲಿಕೈ ಸವರಿಕೊಳ್ಳುತ್ತ ಮರದ ಕೆಳಗೆ ಕೂತಿದ್ದ. ಕವಲಂದೆಯ ಸೆಕ್ರೆಟ್ರಿ ಚೆಲುವಯ್ಯ ಕರೆದ.

"ಬನ್ನಿ ಸಾ, ಸೋಲು ಗೆಲುವು ಇದ್ದುದ್ದೇ. ಮುದ್ದೆ ಬಸ್ಸಾರು ಅದೆ, ಎರಡ್ ತುತ್ತು ಉಣ್ಣಿ."

ಎಂಥಾ ಒಳ್ಳೇ ಜನ ಅಂದುಕೊಂಡು ನಂಜುಂಡೇಶ ಎರಡು ಮುದ್ದೆ ಮುಗಿಸಿದ. ಕೈ ತೊಳೆದು ಬಂದರೆ ಚೆಲುವಯ್ಯ ಎಲೆಅಡಿಕೆ ತಟ್ಟೆ ಹಿಡಿದು ನಿಂತಿದ್ದ. ಉಂಡ ಕೈ ಎಲೆಗೆ ಹೋಗುವುದಕ್ಕೆ ಯಾರ ಅಪ್ಪಣೆ ಬೇಕು? ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ದವಡೆಗೆ ತಳ್ಳಿಕೊಂಡು ಸೊಗಸಾಗಿ ಅಗಿದ.

"ಮೇಷ್ಟ್ರೇ, ಬರ್ಕಳಿ!" ಅಂತ ಚೆಲುವಯ್ಯ ಕೂಗಿದ. "ಕವಲಂದೆ ಗೋಲ್‌ಕೀಪರು, ನಂಜುಂಡೇಶು!"

"ಅಯ್ಯೋ, ಊಟ ಆಯ್ತಲ್ಲ ಅಂತ ಹಾಕ್ಕೊಂಡೆ ಕಣ್ರೀ!"

ರಾಚಯ್ಯ ಕನ್ನಡಕ ಸರಿಮಾಡಿಕೊಂಡರು. "ಯಾವ ಪಟ್ಟೀಲಾದ್ರೂ ನಿನ್ ಹೆಸ್ರಿದ್ಯಾ? ಇಲ್ಲ. ಕೊಟ್ಟೋರ್ಯಾರು? ಕವಲಂದೆ ಸೆಕ್ರೆಟ್ರಿ. ಎಲೆ ಎಲ್ಲಿದೆ? ನಿನ್ ಬಾಯಲ್ಲಿ. ಮುಗೀತು."

"ನನ್ನ ಯಾಕಯ್ಯ ಚೆಲುವಯ್ಯ?"

"ಪ್ಯಾಡು ಕಟ್ಟಕ್ ಬರೋರು ಇನ್ಯಾರವ್ರೆ ಸಾ? ಹೆದ್ರುಕಬ್ಯಾಡಿ, ನಿಮ್ಮೋರೇ ಅವ್ರೆ." ಮರದಾಚೆ ಮಾದು ಮತ್ತು ನಂಜನಗೂಡಿನ ನಾಲ್ವರು ಕವಲಂದೆಯ ವೀಳ್ಯ ಮೆದ್ದ ಕೆಂಪು ಬಾಯಿ ಬಿಟ್ಟು ನಗುತ್ತಿದ್ದರು.

ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ಕೀಲಿಕೈ ಉಳಿಯಬೇಕಾದರೆ ಬಗೆಯಲೇಬೇಕಲ್ಲ! ಬಂದ ಚೆಂಡಿಗೆಲ್ಲ ದಾರಿ ಬಿಡುವುದು, ಅದೇನು ಹೊಸ ವಿದ್ಯೆಯೇ, ಹದಿನಾಲ್ಕು ವರ್ಷದ ಅಭ್ಯಾಸ, ಅಂದುಕೊಂಡು ನಂಜುಂಡೇಶ ಗೋಲಿಗೆ ಇಳಿದ.

ಮಿಲಿಟರಿಯವನು ಹೊಡೆದ. ನಂಜುಂಡೇಶ ಎಡಕ್ಕೆ ಸರಿದ. ಚೆಂಡು ಯಾರದೋ ಸ್ಟಿಕ್ಕಿಗೆ ತಾಗಿ ಅದೂ ಎಡಕ್ಕೇ ಬಂದು ಪ್ಯಾಡಿಗೆ ಬಡಿಯಿತು. ಎರಡನೇ ಸಲ ಪ್ಯಾಡಿನ ಪಟ್ಟಿ ಕಟ್ಟುವವನ ಹಾಗೆ ಬಗ್ಗಿದ, ಚೆಂಡು ಬೆನ್ನಿಗೆ ಬಡಿದು ಆಚೆ ಹೋಯಿತು. ಮೂರನೇ ಸಲ ಕಣ್ಣು ಮುಚ್ಚಿ ನಂಜುಂಡೇಶ್ವರನನ್ನು ನೆನೆದ, ಹೊಟ್ಟೆಗೇ ಬಿತ್ತು. ಒಳಗಿದ್ದ ಎರಡು ಮುದ್ದೆ ಅಲ್ಲಾಡಲಿಲ್ಲ.

"ಅಂಗೇ ಹಿಡೀರಿ ಸಾ!" ಅಂತ ಕವಲಂದೆಯವರು ಕೇಕೆ ಹಾಕಿದರು.

ಕೊನೆಗೆ ಐದು ನಿಮಿಷ ಉಳಿದಾಗ ಮಾದುವಿಗೆ ಚೆಂಡು ಸಿಕ್ಕಿತು. ಹಳೇ ಜೊತೆಗಾರರು ಕಣ್ಣಲ್ಲೇ ಮಾತಾಡಿಕೊಂಡು, ಒಬ್ಬರಿಗೊಬ್ಬರು ಕೊಟ್ಟು, ಗೋಡೆಯಂಥ ಮದನ್ನನ ಪಕ್ಕದಲ್ಲಿ ತೂರಿಸಿಬಿಟ್ಟರು. ಕವಲಂದೆ ಒಂದು, ನಂಜನಗೂಡು ಸೊನ್ನೆ.

ಕಡೇ ಗಳಿಗೆ. ವ್ಯಾನಿನವನೊಬ್ಬ ಒಂಟಿಯಾಗಿ ನುಗ್ಗಿ ಬಂದು ಬಲಮೂಲೆಗೆ ಬೀಸಿದ. ನಂಜುಂಡೇಶ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ಮಾದು ಜೀವ ಹೋಗುವ ಹಾಗೆ ಕೂಗಿದ: "ಸೆಕ್ರೆಟ್ರಿ ಸಾ, ಬುಡಬ್ಯಾಡಿ!"

ಮಧ್ಯಾಹ್ನ ಎಲೆಗೆ ಹೋದ ಹಾಗೆಯೇ ಕೈ ತಾನಾಗಿ ಹೋಯಿತು. ನಂಜುಂಡೇಶ ಹಾರಿ ಬಿದ್ದ, ಚೆಂಡು ಅಂಗೈಯಲ್ಲಿತ್ತು. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಸುಳ್ಳು ಯಾಕೆ, ಅವನಿಗೆ ಸಂತೋಷದಲ್ಲಿ ಕಣ್ಣೀರೇ ಬಂತು. ಹೆಗಲಿಂದ ಇಳಿಸಿದ ಕಡೆ ಚಿಕ್ಕಸ್ವಾಮಿ ಕೈ ಚಾಚಿಕೊಂಡು ನಿಂತಿದ್ದ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದವನ ಕೈಯಲ್ಲಿ ಫಳಫಳ ಹೊಳೆಯುವ ಇಡ್ಲಿ ಪಾತ್ರೆ ಇತ್ತು. ಹೆಂಡತಿ ಗುರುಬಸಮ್ಮ ತಿರುಗಿಸಿ ತಿರುಗಿಸಿ ನೋಡಿದಳು.

"ಇದೇನ್ರೀ?"

"ಬೆಸ್ಟ್ ಗೋಲ್‌ಕೀಪರ್‌ದು. ನಂಗೇ ಕೊಟ್ರು."

"ನಿಮ್ಗಾ! ಹಂಗಾದ್ರೆ ನಂಜನಗೂಡು ಈ ಸಲ ಎಷ್ಟ್ನೇದು?"

"ನಾಲ್ಕು."

"ಕೀಲಿಕೈ?"

ನಂಜುಂಡೇಶ ಪಕ್ಕದ ಮನೆಯ ಕಡೆ ಕೈ ತೋರಿಸಿದ.

"ನಾಲ್ಕನೇದಾಗಿ ಬಂದೋರಿಗೆ ಇದ್ಯಾಕ್ರೀ ಕೊಟ್ರು?"

"ನಂಜನಗೂಡನ್ನ ಸೋಲಿಸಿದ್ದಕ್ಕೆ ಕಣೇ," ಅಂದ ನಂಜುಂಡೇಶ.