ಕಂಪನಿ ಕಳಿಸಿದ ಗಂಡ

"ಈ ಭಾನುವಾರ ಅದರ ಹೊಟ್ಟೆ ಬಗೆದೇ ತೀರ್ತೀನಿ!" ಎಂದು ನೆವಿಲ್ ಹೋಲ್ರಾಯ್ಡ್ ಟೀ ಕಪ್ಪನ್ನು ಮೇಜಿಗೆ ಕುಟ್ಟಿ ಘೋಷಿಸಿದ.

ಅದು ಎಂದರೆ, ಮನೆಯನ್ನು ಬೆಚ್ಚಗಿಡಲು ಅಡುಗೆಮನೆಯ ಕಪಾಟಿನಲ್ಲಿ ಕೂತಿದ್ದ ಗ್ಯಾಸ್ ಬಾಯ್ಲರ್. ಹ್ಯಾಲಿಫ್ಯಾಕ್ಸ್ ಊರಿನ ಅರ್ಧ ಬಾಯ್ಲರುಗಳ ನಾಡಿ ಹಿಡಿಯುವ ಧನ್ವಂತರಿ ನೆವಿಲ್. ಚಳಿಗಾಲದಲ್ಲಿ ಅವನ ವ್ಯಾನು ಬೀದಿಗೆ ತಿರುಗಿದರೆ ಸಾಕು, ಹೆಂಗಸರು ಟೀಗೆ ನೀರಿಟ್ಟು ಕಾಯುತ್ತಿದ್ದರು. ಅವನ ಸ್ವಂತ ಮನೆಯ ಬಾಯ್ಲರ್ ಮಾತ್ರ ಅವನ ಸ್ಕ್ರೂಡ್ರೈವರ್ ಮುಖ ನೋಡಿ ವರ್ಷಗಳೇ ಆಗಿದ್ದವು. ಹಿಂದಿನ ಭಾನುವಾರ ಫುಟ್‌ಬಾಲ್ ಇತ್ತು. ಅದರ ಹಿಂದಿನ ಭಾನುವಾರ ಸೊಂಟನೋವು. ಅದಕ್ಕೂ ಮುಂಚೆ ಯಾರದೋ ಹುಟ್ಟುಹಬ್ಬಕ್ಕೆ ಪಬ್ಬು!

"ಗೊರಗೊರ ಅಂತಿದೆ ನೆವಿಲ್," ಎಂದಳು ಹೆಂಡತಿ ಗ್ಲೆನಿಸ್.

"ಅನ್ನಲಿ ಬಿಡು. ನಾನೇ ಕೂರಿಸಿದ್ದು, ನಾನೇ ಚಾಲೂ ಮಾಡಿದ್ದು. ನನ್ನ ಕೈಲಿ ಹುಟ್ಟಿದ್ದು ನನಗೇ ದ್ರೋಹ ಮಾಡುತ್ತಾ?"

"ಅಮ್ಮ ಬರ್ತಿದಾಳೆ. ನ್ಯುಮೋನಿಯಾದಿಂದ ಈಗ ತಾನೇ ಎದ್ದವಳು. ಮನೆ ತಣ್ಣಗಾದ್ರೆ..."

"ಭಾನುವಾರ ಅಂದ್ನಲ್ಲ!"

ಯಾವ ಭಾನುವಾರ ಎಂದು ಅವನು ಹೇಳಲಿಲ್ಲ. ಅತ್ತೆ ಹಿಲ್ಡಾ ಬಂದಳು, ಭಾನುವಾರವೂ ಬಂದು ಹೋಯಿತು, ಬಾಯ್ಲರಿಗೂ ಬಾಯಿ ಬಂದು ಗುಡುಗತೊಡಗಿತು. ನೆವಿಲ್ ಮಾತ್ರ ಕದಲಲಿಲ್ಲ.

ಮಂಗಳವಾರ ಅವನು ವ್ಯಾನಿನಲ್ಲಿ ಕೂತು ಬಿಸಿಬಿಸಿ ಮಾಂಸದ ಪೈ ಕಚ್ಚುತ್ತಿದ್ದಾಗ ಅವನು ದುಡಿಯುವ ರಿಪೇರಿ ಕಂಪನಿಯಿಂದ ಫೋನು ಬಂತು. ಆಫೀಸಿಗೆ ಹೊಸದಾಗಿ ಸೇರಿದ್ದ ಬೆವ್ ಮಾತಾಡಿದಳು.

"ಅರ್ಜೆಂಟ್ ಕೆಲಸ ನೆವಿಲ್. ಮಿಸೆಸ್ ಗ್ರೀನ್‌ವುಡ್ ಅಂತ. ಬಾಯ್ಲರ್ ವಿಪರೀತ ಸದ್ದು ಮಾಡ್ತಿದೆಯಂತೆ. ಮನೇಲಿ ಕಾಯಿಲೆಯ ಮುದುಕಿ ಬೇರೆ."

"ಗಂಡಸರು ಯಾರೂ ಇಲ್ವಂತಾ?"

"ಒಬ್ರಿದಾರಂತೆ. ಲೆಕ್ಕಕ್ಕಿಲ್ಲ ಅಂದ್ರು."

ನೆವಿಲ್ ಪೈ ನೆತ್ತಿಗೇರುವಷ್ಟು ನಕ್ಕ. "ಪಾಪ, ಎಂಥ ಸೋಮಾರೀನ ಕಟ್ಕೊಂಡಿದಾಳೋ! ವಿಳಾಸ ಹೇಳು."

ಬೆವ್ ಹೇಳಿದಳು. ನೆವಿಲ್‌ನ ನಗು ಅರ್ಧಕ್ಕೇ ನಿಂತಿತು. ಅದು ಅವನದೇ ಮನೆ! ಗ್ರೀನ್‌ವುಡ್ ಎಂಬುದು ಗ್ಲೆನಿಸಳ ತವರಿನ ಹೆಸರು!

ಕೀಲಿಕೈ ಜೇಬಿನಲ್ಲಿದ್ದರೂ ಅವನು ತನ್ನ ಮನೆಯ ಬೆಲ್ ಒತ್ತಿದ. ಗ್ಲೆನಿಸ್ ಬಾಗಿಲು ತೆರೆದಳು.

"ಗುಡ್ ಮಾರ್ನಿಂಗ್ ಮೇಡಂ. ಕಂಪನಿಯಿಂದ ಬಂದಿದೀನಿ," ಎಂದ, ಹಲ್ಲು ಕಚ್ಚಿ.

ಅವಳ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಗದ್ದ ಮೇಲೆತ್ತಿದಳು. "ಗುರುತಿನ ಕಾರ್ಡ್ ತೋರಿಸಿ. ಕಂಡಕಂಡವರನ್ನ ನಾನು ಒಳಗೆ ಬಿಡಲ್ಲ."

ತೋರಿಸಿದ. ಅವಳು ಫೋಟೋ ನೋಡಿದಳು, ಮುಖ ನೋಡಿದಳು. "ಫೋಟೋದಲ್ಲಿ ಕೆಲಸಗಾರನ ಹಾಗೆ ಕಾಣ್ತೀರಿ. ಬೂಟು ಹೊರಗೇ ಬಿಡಿ."

ಮದುವೆಯಾದಾಗಿನಿಂದ 'ನೀನು' ಎಂದ ಬಾಯಲ್ಲಿ 'ನೀವು' ಬಂದದ್ದು ಬೈಗುಳಕ್ಕಿಂತ ಚೆನ್ನಾಗಿ ಚುಚ್ಚಿತು.

"ಕೊನೇ ಸರ್ವಿಸ್ ಯಾವಾಗ ಆಗಿತ್ತು ಮೇಡಂ?"

"ನಮ್ಮನೆಯವರನ್ನ ಕೇಳಬೇಕು. ನಿಮ್ಮ ಕೈಗೆ ಸಿಕ್ಕರೆ ನೀವೇ ಕೇಳಿ!"

ಅಡುಗೆಮನೆಯಲ್ಲಿ ಹಿಲ್ಡಾ ಕಂಬಳಿ ಹೊದ್ದು, ಹಣೆ ಒತ್ತಿಕೊಂಡು ಕೂತಿದ್ದಳು. "ಯಾರೇ ಅದು? ನೆವಿಲ್ ಥರಾನೇ ಇದಾನೆ."

"ಅಲ್ಲಮ್ಮ. ಇವರು ಕೆಲಸ ಮಾಡ್ತಾರೆ."

"ಬೇಗ ಮುಗಿಸಪ್ಪ. ಇಲ್ಲಿಗೆ ಬಂದಾಗಿಂದ ತಲೆ ಸಿಡೀತಿದೆ. ಕೂತ್ರೆ ತೂಕಡಿಕೆ, ಎದ್ರೆ ವಾಕರಿಕೆ."

"ನಂಗೂ ತಲೆ ಭಾರ," ಎಂದಳು ಗ್ಲೆನಿಸ್. "ಹಿತ್ತಲಿಗೆ ಹೋದ್ರೆ ಸರಿಹೋಗುತ್ತೆ, ಒಳಗೆ ಬಂದ್ರೆ ಮತ್ತೆ ಶುರು."

ಸ್ಕ್ರೂಡ್ರೈವರ್ ಹುಡುಕುತ್ತಿದ್ದ ನೆವಿಲ್‌ನ ಕೈ ನಿಂತಿತು. ಜಗಳಕ್ಕೆ ಸಜ್ಜಾಗಿ ಬಂದಿದ್ದವನಿಗೆ ಜಗಳವೇ ಮರೆತುಹೋಯಿತು. ಕಪಾಟು ತೆರೆದ. ಬಾಯ್ಲರಿನ ಮೇಲಿನ ಗೋಡೆಗೆ ಕಪ್ಪು ಮಸಿ. ನೀಲಿಯಾಗಿ ನಿಲ್ಲಬೇಕಿದ್ದ ಜ್ವಾಲೆ ಹಳದಿಯಾಗಿ ಓಲಾಡುತ್ತಿತ್ತು. ಅಷ್ಟರಲ್ಲಿ ಅವನ ಸೊಂಟಕ್ಕೆ ಸಿಕ್ಕಿಸಿದ್ದ, ಗಾಳಿ ಪರೀಕ್ಷಿಸುವ ಮೀಟರು ಕಿರ್ರನೆ ಅರಚಿತು.

"ಹೊರಗೆ! ಗ್ಲೆನಿಸ್, ಹೊರಗೆ ಹೋಗು!"

"ಗ್ರಾಹಕರ ಹತ್ರ ಹೀಗಾ ಮಾತಾಡೋದು..."

"ವಿಷಗಾಳಿ ಕಣೇ! ವಾಸನೆ ಬರಲ್ಲ, ಕಣ್ಣಿಗೂ ಕಾಣಲ್ಲ! ಓಡು!"

ಬಾಯ್ಲರ್ ಆರಿಸಿ, ಗ್ಯಾಸಿನ ತಿರುಪು ಮುಚ್ಚಿ, ಅತ್ತೆಯನ್ನು ಕಂಬಳಿ ಸಮೇತ ಎತ್ತಿಕೊಂಡು ಹಿತ್ತಲಿಗೆ ಓಡಿದ. ಗ್ಲೆನಿಸ್ ಆಂಬುಲೆನ್ಸಿಗೆ ಫೋನ್ ಮಾಡಿದಳು. ಹಿಲ್ಡಾಳ ತಲೆ ಅವನ ಭುಜದ ಮೇಲೆ ಜೋತುಬಿದ್ದಿತ್ತು.

"ಅತ್ತೆ! ಕಣ್ಣು ಬಿಡಿ!"

ಈಕೆ ಒಂದು ಗಂಟೆ ಸುಮ್ಮನಿದ್ದರೆ ಸಾಕಪ್ಪ ಎಂದು ಅವನು ಎಷ್ಟು ಸಲ ಬೇಡಿಕೊಂಡಿದ್ದನೋ! ಈಗ ಅವಳು ನಿಜವಾಗಿಯೂ ಸುಮ್ಮನಿದ್ದಳು. ನೆವಿಲ್‌ಗೆ ಜೀವವೇ ಬಾಯಿಗೆ ಬಂತು.

"ಮಾತಾಡಿ ಅತ್ತೆ! ಬೈಯಿರಿ ಬೇಕಾದ್ರೆ! ನನ್ನ ಅಡುಗೆ, ನನ್ನ ಹೊಟ್ಟೆ, ನಮ್ಮಪ್ಪ, ಯಾರನ್ನಾದ್ರೂ ಬೈಯಿರಿ!"

ಗ್ಲೆನಿಸ್ ಅಳುತ್ತಾ ಅಮ್ಮನ ಅಂಗೈ ತಿಕ್ಕಿದಳು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಕೊನೆಗೂ ಹಿಲ್ಡಾ ಒಂದು ಕಣ್ಣು ತೆರೆದು, ಅಳಿಯನ ಪಾದಗಳನ್ನು ನೋಡಿದಳು.

"ಹಿಮದ ಮೇಲೆ ಬರೀ ಸಾಕ್ಸಲ್ಲಿ ನಿಂತಿದೀಯಲ್ಲೋ ಮೂರ್ಖ."

ಇಷ್ಟು ಸಿಹಿಯಾದ ಮಾತನ್ನು ನೆವಿಲ್ ಜನ್ಮದಲ್ಲಿ ಕೇಳಿರಲಿಲ್ಲ!

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟು, ಜೀವಕ್ಕೆ ಅಪಾಯವಿಲ್ಲ ಎಂದರು. ಗ್ಲೆನಿಸ್ ಮುಖದ ಮಾಸ್ಕ್ ಸರಿಸಿ ಮೆಲ್ಲಗೆ ಕೇಳಿದಳು: "ಗೋಡೆ ಮೇಲಿನ ವಿಷಗಾಳಿ ಅಲಾರಂ ಯಾಕೆ ಕೂಗಲಿಲ್ಲ?"

"ಅದರ ಬ್ಯಾಟರಿ... ಟೀವಿ ರಿಮೋಟಿಗೆ... ಆವತ್ತು ಫುಟ್‌ಬಾಲ್ ಇತ್ತಲ್ಲ..."

ಅವಳು ಬೈಯಲಿಲ್ಲ. ಮಾಸ್ಕನ್ನು ಮತ್ತೆ ಮುಖಕ್ಕಿಟ್ಟುಕೊಂಡು ಕಣ್ಣು ಮುಚ್ಚಿದಳು. ಅದನ್ನು ಸಹಿಸುವುದು ನೆವಿಲ್‌ಗೆ ಬೈಗುಳಕ್ಕಿಂತ ಕಷ್ಟವಾಯಿತು. ಎದ್ದು ಮನೆಗೆ ಹೋಗಿ, ತನ್ನದೇ ಹೆಮ್ಮೆಯ ಬಾಯ್ಲರಿಗೆ 'ಅಪಾಯ, ಬಳಸಬೇಡಿ' ಎಂಬ ಕೆಂಪು ಚೀಟಿ ತನ್ನ ಕೈಯಾರೆ ಅಂಟಿಸಿ, ಅಲಾರಮ್ಮಿಗೆ ಹೊಸ ಬ್ಯಾಟರಿ ಹಾಕಿ ಬಂದ.

ಅವನು ವಾರ್ಡಿಗೆ ಮರಳುವ ಹೊತ್ತಿಗೆ ಗ್ಲೆನಿಸ್ ದಿಂಬಿಗೊರಗಿ ಕೂತಿದ್ದಳು. ಅವಳ ಫೋನು ರಿಂಗಾಯಿತು. ಬೆವ್! ಗ್ಲೆನಿಸ್ ಗಂಡನಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಮಿಸೆಸ್ ಗ್ರೀನ್‌ವುಡ್, ನಮ್ಮ ಕೆಲಸಗಾರ ಹೇಗೆ ನೋಡ್ಕೊಂಡ್ರು?"

"ಜೀವ ಉಳಿಸಿದ್ರಮ್ಮ. ಮುಂದಿನ ವರ್ಷಾನೂ ಇವರನ್ನೇ ಕಳಿಸಿ."

ನೆವಿಲ್‌ನ ಎದೆ ಸ್ವಲ್ಪ ಉಬ್ಬಿತು.

"ಖಂಡಿತ ಮೇಡಂ! ಬೇಕಾದ್ರೆ ಅವರ ನಂಬರ್ ಕೊಡ್ತೀನಿ, ನೀವೇ ನೇರವಾಗಿ ಕರೀಬಹುದು."

"ಬೇಡಮ್ಮ, ನಾನು ಕರೆದು ನೋಡಿದೀನಿ," ಎಂದಳು ಗ್ಲೆನಿಸ್. "ನೀವು ಕಳಿಸಿದ್ರೇನೇ ಬರೋದು."