ಅತ್ತೆಯವರ ಕ್ಯಾಪಿನ ಮೂಲ

ಇಂಗ್ಲಿಷ್ ನಿಘಂಟಿನ ಕರಡು ತಿದ್ದುವುದು ನನ್ನ ಉದ್ಯೋಗ. ಕಚೇರಿಯಲ್ಲಿ ಯಾವ ಪದಕ್ಕೆ ಯಾವ ಅರ್ಥ ಅಂತ ನಾನು ಹೇಳಿದ್ದೇ ಅಂತಿಮ ತೀರ್ಪು. ಮನೆಯಲ್ಲಿ ಮಾತ್ರ ನಾನು ಬಾಯಿ ತೆರೆದರೆ ಹೆಂಡತಿ ಮಿಕ್ಸಿ ಹಾಕುತ್ತಾಳೆ. (ರುಬ್ಬಲು ಏನೂ ಇಲ್ಲದಿದ್ದರೂ!)

ಕಳೆದ ಶನಿವಾರ ಮಧ್ಯಾಹ್ನ ಸೋಫಾದ ಮೇಲೆ ಪವಡಿಸಿದ್ದೆ. ಒಳಗಿನಿಂದ ಕೂಗು ಬಂತು.

"ರೀ, ಅಮ್ಮನ ಕ್ಯಾಪ್ ಬಿದ್ದುಹೋಗಿದೆ! ಬೇಗ ಹುಡುಕಿ, ಸಂಜೆ ಭಾಷಣ ಇದೆ!"

ಅತ್ತೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಅಂದು ಅವರ ಹಳೇ ಶಾಲೆಯಲ್ಲಿ ಅವರಿಗೆ ಸನ್ಮಾನ. ಸನ್ಮಾನಕ್ಕೂ ಟೋಪಿಗೂ ಏನು ನಂಟೋ, ನನಗೆ ತಲೆಬುಡ ಗೊತ್ತಾಗಲಿಲ್ಲ. ಆದರೂ ಅಳಿಯಧರ್ಮ ಅಂತ ಒಂದಿದೆಯಲ್ಲ, ಕಪಾಟು ಜಾಲಾಡಿ ನನ್ನ ಉಣ್ಣೆ ಟೋಪಿ ತಂದೆ.

"ಇದೇನ್ರೀ? ಅದು ಬಿಳೀದು, ಚಿಕ್ಕದು!"

ಟೂತ್‌ಪೇಸ್ಟಿನ ಮುಚ್ಚಳ ತಂದೆ.

"ಅಯ್ಯೋ, ಇನ್ನೂ ಚಿಕ್ಕದು!"

ಅದಕ್ಕಿಂತ ಚಿಕ್ಕ ಟೋಪಿ ಹಾಕಿಕೊಳ್ಳಲು ಅತ್ತೆಯವರೇನು ಇರುವೆಯೇ? ಅವರೋ ಬಾಯಿಗೆ ಕರ್ಚೀಫು ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ಟೋಪಿಗಾಗಿ ಇಷ್ಟು ದುಃಖವೇ!

"ನೋಡೇ, ಮೊದಲು ಪದ ಸ್ಪಷ್ಟ ಮಾಡಿಕೊಳ್ಳೋಣ," ಎಂದೆ. "ಕ್ಯಾಪ್ ಅಂದ್ರೆ ಟೋಪಿ. ಮುಚ್ಚಳವೂ ಕ್ಯಾಪೇ. ಖರ್ಚಿಗೆ ಹಾಕುವ ಮಿತಿಯೂ ಕ್ಯಾಪೇ. ಮೂಲ ಲ್ಯಾಟಿನ್ನಿನ ಕಪ್ಪಾ..."

"ಕಪ್ಪಲ್ಲ ರೀ, ಬಿಳಿ ಅಂತ ಹೇಳ್ತಾ ಇದೀನಲ್ಲ!"

"ಕಪ್ಪಾ ಅಂದ್ರೆ ತಲೆಮುಸುಕಿನ ನಿಲುವಂಗಿ ಕಣೇ!"

"ಅಮ್ಮನ ಹಲ್ಲಿಗೆ ನಿಲುವಂಗಿ ಯಾಕ್ರೀ?"

ಹಲ್ಲು! ಅತ್ತೆ ಕರ್ಚೀಫು ತೆಗೆದರು. ಎದುರಿನ ಸಾಲಿನಲ್ಲೊಂದು ಕಿಟಕಿ. "ಅಳಿಯಂದಿರೇ," ಎಂದರು. ಅಕ್ಷರಕ್ಕಿಂತ ಗಾಳಿಯೇ ಹೆಚ್ಚು ಬಂತು.

ಕ್ಯಾಪು ಕೊನೆಗೆ ವಾಶ್‌ಬೇಸಿನ್ನಿನ ಜಾಲರಿಯಲ್ಲಿ ಸಿಕ್ಕಿತು (ಹೆಂಡತಿಗೆ). ಮೂವರೂ ಪಕ್ಕದ ಬೀದಿಯ ದಂತವೈದ್ಯರ ಹತ್ತಿರ ಓಡಿದೆವು. ಅವರು ಚಿಟಿಕೆ ಹೊಡೆಯುವಷ್ಟರಲ್ಲಿ ಅಂಟಿಸಿಬಿಟ್ಟರು. ಸುಮ್ಮನೆ ಎದ್ದು ಬರಬಹುದಿತ್ತು. ನಾಲಿಗೆ ತುರಿಸಿತು.

"ಡಾಕ್ಟ್ರೇ, ದಿನಾ ಕ್ಯಾಪ್ ಹಾಕ್ತೀರಲ್ಲ, ಆ ಪದದ ಬೇರು ಗೊತ್ತಾ? ಕಪ್... ಪಾ..."

"ಹಾಗೇ ಇರಿ! ಮುಚ್ಚಬೇಡಿ!" ವೈದ್ಯರು ದೀಪ ನನ್ನ ಕಡೆ ತಿರುಗಿಸಿದರು. "ಪದದ ಬೇರು ಆಮೇಲೆ ನೋಡೋಣ. ನಿಮ್ಮ ದವಡೆ ಹಲ್ಲಿನ ಬೇರೇ ಕೆಟ್ಟಿದೆ. ಇವತ್ತೇ ಶುರು ಮಾಡೋಣ."

ಕುರ್ಚಿ ಹಿಂದಕ್ಕೆ ವಾಲಿತು. ಸೂಜಿ ಇಳಿಯಿತು. ಹೊರಬಂದಾಗ ನನ್ನ ಅರ್ಧ ಮುಖ ನನ್ನದಾಗಿರಲಿಲ್ಲ.

ಸಂಜೆ ಅತ್ತೆಯವರ ಭಾಷಣ ಗಂಟೆ ಹೊಡೆದಂತಿತ್ತು. ಕೊನೆಯಲ್ಲಿ ನನ್ನ ಮರಗಟ್ಟಿದ ದವಡೆಯನ್ನು ಮರೆತು ಅಭಿಮಾನದಿಂದ ಘೋಷಿಸಿಬಿಟ್ಟರು: "ನಮ್ಮ ಅಳಿಯಂದಿರು ದೊಡ್ಡ ಪದಪಂಡಿತರು. ಎರಡು ಮಾತಾಡಲಿ."

ಬೇಡವೆಂದು ಕೈ ಆಡಿಸಿದೆ. ಅದನ್ನು ವಿನಯ ಎಂದುಕೊಂಡು ಇಬ್ಬರು ಮೇಷ್ಟ್ರು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು.

"ಹಭಿಹರೇ..." ಎಂದೆ. ಜೊಲ್ಲು ಸುರಿಯಿತು. ಮಕ್ಕಳು ಬೆಂಚು ಬಡಿದು ಕೇಕೆ ಹಾಕಿದರು.

ಈಗಿನ ಹೆಡ್‌ಮಾಸ್ಟರು ಕನಿಕರದಿಂದ ನನ್ನ ಹೆಂಡತಿಯತ್ತ ಬಾಗಿದರು. "ಪಾಪ, ಯಜಮಾನರ ಮಾತು ಯಾವಾಗಿನಿಂದ ಹೀಗೆ?"

"ಮದುವೆಯಾದಾಗಿನಿಂದ ಸಾರ್," ಎಂದಳು ಅವಳು. "ನನಗಂತೂ ಇವತ್ತಿನವರೆಗೆ ಒಂದಕ್ಷರ ಅರ್ಥ ಆಗಿಲ್ಲ."