ಬೀದಿ ಮಣ್ಣು ಜಾಲಿಸುವವನ ಫಜೀತಿಗಳು

ನೆಲ ನೋಡಿಕೊಂಡು ನಡೆಯುವುದೇ ಕಸುಬಾದವನಿಗೆ ದಿನಕ್ಕೊಂದು ಫಜೀತಿ ತಾನಾಗಿಯೇ ಬಂದು ಡಿಕ್ಕಿ ಹೊಡೆಯುತ್ತದೆ. ಹುಡುಕಿಕೊಂಡು ಹೋಗಬೇಕಾದದ್ದು ಚಿನ್ನ ಒಂದನ್ನೇ.

ನನ್ನದು ಚಿನ್ನ ಜಾಲಿಸುವ ಕೆಲಸ. ಬಿಡುವಿದ್ದಾಗ ಮಾಡುವ ಹವ್ಯಾಸವಲ್ಲ, ಇದರಲ್ಲೇ ಊಟ. ಮನೆ ಕಲ್ಯಾಣದುರ್ಗದಲ್ಲಿ. ವಾರಕ್ಕೊಮ್ಮೆ ಹಿಂದೂಪುರಕ್ಕೆ ಹೋಗಿ ಅಕ್ಕಸಾಲಿಗರ ಬೀದಿ ಗುಡಿಸಿ ಮಣ್ಣು ತರುತ್ತೇನೆ. ಅವರು ಅರ ಹಾಕಿ ಉಜ್ಜುವಾಗ ಹಾರಿದ ಪುಡಿ ಚಪ್ಪಲಿಗೆ, ಬಟ್ಟೆಗೆ ಅಂಟಿಕೊಂಡು ಬೀದಿಗೆ ಬಂದಿರುತ್ತದೆ. ಮಳೆ ಬಿದ್ದರೆ ಹಳ್ಳದ ಮರಳಿಗೂ ಕೈ ಹಾಕುತ್ತೇನೆ. ಮಣ್ಣನ್ನು ಮರಿಗೆ ಎನ್ನುವ ಅಗಲವಾದ ಮರದ ತಟ್ಟೆಗೆ ಸುರಿದು ನೀರಲ್ಲಿ ಅಲ್ಲಾಡಿಸಿದರೆ ಮಣ್ಣು ತೇಲಿ ಹೋಗುತ್ತದೆ, ಚಿನ್ನ ತಳದಲ್ಲಿ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂದು ಮಾತ್ರ ಕೇಳಬೇಡಿ. ಜೋರಾಗಿ ಒಂದು ಸೀನು ಬಂದರೆ ಅವತ್ತಿನ ಸಂಪಾದನೆ ಹಾರಿಹೋಯಿತು ಅಂತಲೇ ಲೆಕ್ಕ.

ಇಂಥವನಿಗೂ ಒಬ್ಬಳು ಹೆಂಡತಿ ಸಿಕ್ಕಿದ್ದಾಳೆ. ನಮ್ಮ ಕಡೆ ತಾಳಿಗೆ ಎರಡು ಬೊಟ್ಟು, ಒಂದು ತವರಿನದು, ಒಂದು ಗಂಡನ ಮನೆಯದು. ಅವಳ ದಾರದಲ್ಲಿ ತವರಿನ ಚಿನ್ನದ ಬೊಟ್ಟು ಹೊಳೆಯುತ್ತದೆ, ಪಕ್ಕದಲ್ಲಿ ನನ್ನ ಕಡೆಯಿಂದ ಒಂದು ಅರಿಶಿನದ ಕೊಂಬು. ಮದುವೆಯ ದಿನ ಚಪ್ಪರದಲ್ಲಿ ನಿಂತು ಜಂಬ ಕೊಚ್ಚಿದ್ದೆ: "ಅಂಗಡಿ ಚಿನ್ನ ಬ್ಯಾಡ. ನನ್ ಕೈಯಾರೆ ಜಾಲಿಸಿದ ಚಿನ್ನದಾಗೇ ಬೊಟ್ಟು ಮಾಡಿಸ್ತೀನಿ." ಜಾಲಿಸಿದ್ದು ಜಾಲಿಸಿದ ಹಾಗೆಯೇ ಅಕ್ಕಿ, ಬೇಳೆ, ಗ್ಯಾಸು ಆಗಿ ಕರಗುತ್ತಿತ್ತು. ಹೆಂಡತಿ ಒಂದು ದಿನವೂ ಏನೂ ಅಂದವಳಲ್ಲ. ಹಿಂದೂಪುರದಲ್ಲಿರುವ ನಮ್ಮತ್ತೆ ಇಬ್ಬರ ಪಾಲಿನ ಮಾತನ್ನೂ ತಾವೇ ಆಡುತ್ತಿದ್ದರು.

"ಏನ್ ಅಳಿಯಂದ್ರೇ, ಊರೋರ ಬಂಗಾರವೆಲ್ಲಾ ತೊಳೆದಿದ್ದಾಯ್ತಾ? ನನ್ ಮಗಳ ಕೊರಳಿಗೆ ಯಾವಾಗ ಬತ್ತೀರಾ?"

ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ನಾಚಿಕೆ ಬಂದವನಿಗೆ ಬುದ್ಧಿ ಜಾಸ್ತಿ ಓಡುತ್ತದೆ, ಅದೇ ತೊಂದರೆ.

೧. ಕೂದಲು

ಅಕ್ಕಸಾಲಿಗರ ತಲೆಯಲ್ಲಿ ಚಿನ್ನ ಇರುತ್ತದೆ. ಹೊಗಳಿಕೆಯಲ್ಲ, ನಿಜವಾಗಿಯೇ ಇರುತ್ತದೆ. ದಿನವಿಡೀ ತಲೆ ಬಗ್ಗಿಸಿ ಉಜ್ಜುವವರ ಕೂದಲಲ್ಲಿ ಪುಡಿ ಕೂರದೆ ಇನ್ನೆಲ್ಲಿಗೆ ಹೋಗುತ್ತದೆ? ಇದು ಹೊಳೆದ ದಿನ ಬೊಟ್ಟು ಆಗಿಯೇ ಹೋಯಿತು ಅಂದುಕೊಂಡೆ. ಅವರ ಬೀದಿಯ ಮೂಲೆಯಲ್ಲಿದ್ದ ಕ್ಷೌರದಂಗಡಿಗೆ ನೇರವಾಗಿ ಹೋದೆ.

"ಅಣ್ಣಾ, ಅಕ್ಕಸಾಲಿಗ್ರು ಕಟಿಂಗ್‌ಗೆ ಬಂದ್ರೆ ಅವ್ರ ಕೂದ್ಲು ಬ್ಯಾರೆ ಎತ್ತಿಕ್ಕು. ವಾರಕ್ಕೊಂದು ಸಲ ಬಂದು ತಗಂಡ್ ಹೋಯ್ತೀನಿ."

ಅವನ ಕತ್ತರಿ ಗಾಳಿಯಲ್ಲೇ ನಿಂತಿತು. "ಅವ್ರ ಕೂದ್ಲೇ ಯಾಕಪ್ಪಾ?"

ಗುಟ್ಟು ಬಿಟ್ಟುಕೊಟ್ಟರೆ ನಾಳೆ ಅವನೇ ಮರಿಗೆ ಹಿಡಿದು ಕೂರುತ್ತಾನೆ. "ಏನೋ ಒಂದು ಕೆಲ್ಸ ಐತೆ. ಯಾರ್ಗೂ ಹೇಳ್ಬ್ಯಾಡ," ಅಂದೆ.

ಮುಂದಿನ ವಾರ ಹೋದರೆ ಬೀದಿಯ ಬಣ್ಣವೇ ಬದಲಾಗಿತ್ತು. ಅಂಗಡಿ ಅಂಗಡಿಗೂ ನಿಂಬೆಹಣ್ಣು, ಮೆಣಸಿನಕಾಯಿ. ಎಲ್ಲರ ತೋಳಲ್ಲೂ ಕಪ್ಪು ದಾರ. ನನಗೆ ಮೊದಲಿಂದ ಬೇಕಾದ ಹಿರಿಯ ಅಕ್ಕಸಾಲಿಗರೊಬ್ಬರು ನನ್ನನ್ನು ಕಂಡದ್ದೇ ತಲೆಯ ಮೇಲೆ ಟವಲು ಎಳೆದುಕೊಂಡರು.

"ನಿಂಗೇನ್ ಅನ್ಯಾಯ ಮಾಡಿದ್ವಪ್ಪಾ ನಾವು? ಮಾಟ ಮಾಡ್ಸೋ ಅಂಥದ್ದು ಏನಾಯ್ತು?"

ಕೈಮುಗಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿಗೆಲ್ಲ ಕೂಗಿ ಹೇಳಿದರು. ಎಲ್ಲರೂ ನಕ್ಕರು, ಒಬ್ಬರು ಟೀ ಕೂಡ ಕೊಡಿಸಿದರು. ನಿಂಬೆಹಣ್ಣು ಇಳಿದವು, ನನ್ನ ವ್ಯಾಪಾರ ಮಾತ್ರ ಏಳಲಿಲ್ಲ. ಈಗ ಅವರೆಲ್ಲ ಕಟಿಂಗ್ ಮಾಡಿಸಿಕೊಂಡು ಕೂದಲನ್ನು ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತಾರೆ. ತಲೆ ಪೂರಾ ಬೋಳಾದ ಒಬ್ಬರಿದ್ದಾರೆ; ಅವರು ಗಡ್ಡ ಕೆರೆಸಿಕೊಂಡು ಸೋಪಿನ ನೊರೆಯನ್ನೇ ಪೊಟ್ಟಣ ಕಟ್ಟಿಕೊಡು ಅಂತ ಕೂತರಂತೆ.

೨. ಬಸ್ಸು

ಬೀದಿ ಮಣ್ಣಿನ ಚೀಲವನ್ನು ನಾನು ಬಸ್ಸಿನಲ್ಲಿ ಕೆಳಗೆ ಇಡುವುದಿಲ್ಲ. ಹೊಲಿಗೆ ಸಂದಿಯಿಂದ ಪುಡಿ ಸೋರಿದರೆ ನಮ್ಮ ಬೊಟ್ಟು ಕಂಡಕ್ಟರನ ಪಾಲಾಗುತ್ತದೆ. ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ತಬ್ಬಿಕೊಂಡು, ಕಣ್ಣು ಮುಚ್ಚಿ ಕೂರುತ್ತೇನೆ. ಒಂದು ಸಲ ಕಲ್ಯಾಣದುರ್ಗದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ ಬಹಳ ಹೊತ್ತು ನನ್ನನ್ನೇ ನೋಡಿದರು.

"ಚೀಲದಾಗೆ ಏನಪ್ಪಾ?"

"ಮಣ್ಣಜ್ಜಿ," ಅಂದು ಮತ್ತೆ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಅಜ್ಜಿ ಚೀಲದ ಬಾಯಿ ಸಡಿಲಿಸಿ ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡಾಗಿತ್ತು. ಮಣ್ಣನ್ನು ಅಷ್ಟು ಭಕ್ತಿಯಿಂದ ತಬ್ಬಿಕೊಂಡು ಹೋಗುವವನು ಯಾವುದೋ ಪುಣ್ಯಕ್ಷೇತ್ರದಿಂದಲೇ ಬಂದಿರಬೇಕು ಅಂತ ಅವರ ತೀರ್ಮಾನ. ಹಿಂದಿನ ಸೀಟಿನ ಹೆಂಗಸು, "ನಾಕೂ ಕೊಂಚೆಂ ಪೆಟ್ಟು ನಾಯನಾ," ಅಂತ ತೆಲುಗಿನಲ್ಲಿ ತಮಗೂ ಒಂಚೂರು ಕೇಳಿ ಕೈ ಚಾಚಿದರು. ಆಮೇಲೆ ಕೈಗಳ ಸಾಲೇ ಸಾಲು. ಕಂಡಕ್ಟರ್ ಚಪ್ಪಲಿ ಬಿಟ್ಟು ಬಂದ. ಅದು ಬೀದಿ ಗುಡಿಸಿದ ಕಸ, ಅದರ ಮೇಲೆ ಊರೆಲ್ಲ ಎಲೆಅಡಿಕೆ ಉಗುಳಿದೆ ಅಂತ ಹಣೆಗೆ ಹಚ್ಚಿಕೊಂಡವರಿಗೆ ಹೇಗೆ ಹೇಳುವುದು? ಅಜ್ಜಿ ಅಷ್ಟರಲ್ಲಿ ಒಂದು ಚೂರು ಬಾಯಿಗೂ ಹಾಕಿಕೊಂಡರು.

ನನಗೆ ಆ ವಾರವೆಲ್ಲ ಹೆದರಿಕೆ, ಮುದುಕಿಗೆ ಏನಾದರೂ ಆದರೆ ಅಂತ. ಮುಂದಿನ ವಾರ ಅಜ್ಜಿ ಅದೇ ಬಸ್ಸು ಹತ್ತಿದರು, ಮೆಟ್ಟಿಲನ್ನು ಟಕಟಕ ಏರಿಕೊಂಡು.

"ನನ್ ಮಂಡಿನೋವು ಹೋಗ್ಬುಡ್ತು ಕಣಪ್ಪಾ! ನಮ್ ಅಕ್ಕನ್ನೂ ಕರ್ಕಂಡ್ ಬಂದಿವ್ನಿ, ಅವಳ್ಗೆ ಒಂದ್ ಹಿಡಿ ಕೊಡು."

೩. ಹಳ್ಳ

ಬೀದಿಯಲ್ಲಿ ಆಗದ್ದು ಹಳ್ಳದಲ್ಲಿ ಆಗಬಹುದು ಅಂತ, ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಕಂಬದೂರಿನ ಕಡೆಯ ಒಂದು ಹಳ್ಳಕ್ಕೆ ಇಳಿದೆ. ಬೆಳಗಿನಿಂದ ಮೊಣಕಾಲುದ್ದ ನೀರಲ್ಲಿ ಬಗ್ಗಿ ಮರಳು ಜಾಲಿಸುತ್ತಿದ್ದೆ. ದಡದಲ್ಲಿ ಕುರಿ ಮೇಯಿಸುತ್ತಿದ್ದವರೊಬ್ಬರು ಕೋಲಿಗೆ ಗದ್ದ ಊರಿಕೊಂಡು ಮಧ್ಯಾಹ್ನದವರೆಗೂ ನೋಡಿದರು. ಆಮೇಲೆ ಒಮ್ಮೆ ನಿಟ್ಟುಸಿರು ಬಿಟ್ಟು, ಕುರಿಗಳನ್ನು ಹಾಗೇ ಬಿಟ್ಟು ಊರ ಕಡೆ ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಅರ್ಧ ಊರು ಹಳ್ಳದ ದಡದಲ್ಲಿ ನಿಂತಿತ್ತು. ಹೆಂಗಸರ ಕೈಯಲ್ಲಿ ಜಲ್ಲಡೆ, ಮೊರ. ಗಂಡಸರು ಪಂಚೆ ಎತ್ತಿಕಟ್ಟಿದ್ದರು.

"ಬೆಳಿಗ್ಗೆಯಿಂದ ಒಬ್ನೇ ಹುಡುಕ್ತಾವ್ನೆ, ಪಾಪ. ಅನ್ನ ನೀರು ಇಲ್ದಂಗೆ. ಏನೋ ದೊಡ್ಡ ಒಡವೇನೇ ಹೋಗಿರ್ಬೇಕು," ಅಂತ ಕುರಿಯವರು ಎಲ್ಲರಿಗೂ ವಿವರಿಸುತ್ತಿದ್ದರು.

ಅಲ್ಲ ಅನ್ನುವಷ್ಟರಲ್ಲಿ ಎಲ್ಲರೂ ನೀರಿಗಿಳಿದಾಗಿತ್ತು. ನಾನು ಅರ್ಧ ದಿನ ನಿಧಾನವಾಗಿ ನೀರಿನ ತಳದಲ್ಲಿ ಕೂರಿಸಿಕೊಂಡಿದ್ದ, ಚಿನ್ನದ ಜೊತೆಗೇ ಉಳಿಯುವ ಭಾರದ ಕರಿಮರಳೆಲ್ಲ ಅವರ ಕಾಲಿಗೆ ಸಿಕ್ಕಿ ಕದಡಿಹೋಯಿತು. ಅದರಲ್ಲಿ ಎರಡು ಕಾಳು ಹೊಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಳು ಬಂತು. ನಾನು ಕಣ್ಣೊರೆಸಿಕೊಂಡದ್ದನ್ನು ಕಂಡು ಅವರು ಇನ್ನೂ ಜೋರಾಗಿ ಹುಡುಕಿದರು. ಒಬ್ಬಾಕೆ ಮುದ್ದೆ, ಕಡ್ಲೇಕಾಯಿ ಚಟ್ನಿ ತಂದು ದಡದಲ್ಲಿ ಕೂರಿಸಿ ಬಡಿಸಿದಳು.

"ಹೆಂಡ್ರುದಾ?" ಅಂತ ಮೆತ್ತಗೆ ಕೇಳಿದಳು.

ಅರಿಶಿನದ ಕೊಂಬು ಕಣ್ಣ ಮುಂದೆ ಬಂತು. "ಹೂನಮ್ಮಾ, ಅವಳ ತಾಳಿ ಬೊಟ್ಟಿಂದು," ಅಂದುಬಿಟ್ಟೆ. ಸುಳ್ಳು ಅಂತಲೂ ಹೇಳುವ ಹಾಗಿಲ್ಲ.

ಬೊಟ್ಟು ಅಂದ ಮೇಲೆ ಕೇಳಬೇಕೆ? ಸುದ್ದಿ ಕುಂದುರ್ಪಿಯವರೆಗೂ ಹೋಯಿತು. ಇವತ್ತಿಗೂ ಆ ದಿಕ್ಕಿನ ಆಟೋ ಹತ್ತಿದರೆ ಯಾರಾದರೊಬ್ಬರು, "ಅಣ್ಣಾ, ಆ ಬೊಟ್ಟು ಸಿಕ್ತಾ?" ಅಂತ ಕೇಳುತ್ತಾರೆ. ನಾನು, "ಇಲ್ಲ ಕಣಪ್ಪಾ, ಪುಡಿಪುಡಿಯಾಗಿ ಸಿಗ್ತಾ ಐತೆ," ಅನ್ನುತ್ತೇನೆ.

೪. ಅತ್ತೆಯ ಪಾತ್ರೆ

ನನ್ನ ಬಾಮೈದನ ಮದುವೆ ಗೊತ್ತಾಯಿತು. ಅತ್ತೆ ಹಿಂದೂಪುರದಿಂದ ಕರೆಯಲು ಬಂದವರು, ಆ ರಾತ್ರಿ ಮಗಳ ಮನೆಯಲ್ಲೇ ಉಳಿದರು. ಊಟಕ್ಕೆ ಕೂತಾಗ ಗಂಟಲಿಗೆ ತುತ್ತು ಇಳಿಯುವ ಹೊತ್ತು ನೋಡಿಕೊಂಡು ಹೇಳಿದರು:

"ಬೀಗ್ರೆಲ್ಲಾ ಬತ್ತಾರೆ. ಮನೆ ಮಗಳು ಕೊಂಬು ಕಟ್ಕಂಡು ಆರತಿ ಎತ್ತೋದಾ ಅಳಿಯಂದ್ರೇ? ಒಂದ್ ಬೊಟ್ಟು ನಾನೇ ತಂದ್ಕೊಡ್ತೀನಿ, ಹೇಳಿ."

"ಬ್ಯಾಡಮ್ಮ, ಅವ್ರೇ ಮಾಡಿಸ್ತಾರೆ," ಅಂದಳು ನನ್ನ ಹೆಂಡತಿ. ಅವಳು ಹಾಗೆ ನನ್ನ ಪರ ನಿಂತದ್ದು ನೋಡಿ ಖುಷಿಗೆ ನೆತ್ತಿ ಹತ್ತಿತು.

ಆ ಸಲ ನನಗೂ ಧೈರ್ಯವಿತ್ತು. ಟವಲು ಎಳೆದುಕೊಂಡಿದ್ದ ಆ ಹಿರಿಯ ಅಕ್ಕಸಾಲಿಗರು ತಾವು ವರ್ಷಗಟ್ಟಲೆ ಕೂತು ಕೆಲಸ ಮಾಡಿದ ಹಳೇ ಚಾಪೆಯನ್ನು ನನಗೆ ಕೊಟ್ಟಿದ್ದರು. ಅಂಥ ಚಾಪೆಯನ್ನು ನಾವು ಸುಟ್ಟು ಬೂದಿ ಮಾಡಿ, ಆ ಬೂದಿಯನ್ನು ಜಾಲಿಸುತ್ತೇವೆ. ಸುಟ್ಟ ಬೂದಿಯನ್ನು ಹಳೇ ಎಣ್ಣೆ ಡಬ್ಬದಲ್ಲಿ ತುಂಬಿ, ನೀರು ತಾಗದಿರಲಿ ಅಂತ ಅಡುಗೆಮನೆ ಮೂಲೆಯಲ್ಲಿಟ್ಟಿದ್ದೆ. ಅದರಲ್ಲಿ ಬೊಟ್ಟಿಗೆ ಆಗುವಷ್ಟು ಇತ್ತೋ ಇಲ್ಲವೋ, ಆಸೆಯಂತೂ ಡಬ್ಬದ ತುಂಬ ಇತ್ತು.

ಮಾರನೆಯ ಬೆಳಿಗ್ಗೆ ಎದ್ದು ಹಿತ್ತಲಿಗೆ ಬಂದರೆ ಪಾತ್ರೆಗಳೆಲ್ಲ ಬಿಸಿಲಿಗೆ ಬೋರಲು ಬಿದ್ದಿದ್ದವು. ಅತ್ತೆಗೆ ಸೋಪಿನಲ್ಲಿ ಪಾತ್ರೆ ತೊಳೆದರೆ ಸಮಾಧಾನವಿಲ್ಲ, ಬೂದಿಯೇ ಬೇಕು. ಖಾಲಿ ಡಬ್ಬ ಪಕ್ಕದಲ್ಲೇ ಇತ್ತು.

"ಏನ್ ಬೂದಿ ಅಂತೀರಾ ಅಳಿಯಂದ್ರೇ! ನೋಡಿ, ಪಾತ್ರೆ ಬಂಗಾರದಂಗೆ ಹೊಳೀತಾವೆ!"

ನಾನು ಡಬ್ಬ ಬೋರಲು ಹಾಕಿ ತಳ ತಟ್ಟಿದೆ. ಹೆಂಡತಿ ಓಡಿಬಂದು ಡಬ್ಬ ನೋಡಿದಳು, ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. "ಅಮ್ಮಾ, ಅದು ನನ್ ಬೊಟ್ಟು ಕಣಮ್ಮಾ!" ಅಂದಳು. ವಿಷಯ ತಿಳಿದ ಅತ್ತೆ ಸೀರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗುದ್ದಲಿ ತಗೊಂಡು ಹಿತ್ತಲ ಚರಂಡಿಗೆ ಇಳಿದೆ. ಕೆಸರನ್ನು ಬಕೀಟಿಗೆ ತುಂಬಿಕೊಡುವುದು ನಾನು, ಎತ್ತುವುದು ಹೆಂಡತಿ, ಅಂಗಳದಲ್ಲಿ ರಾಶಿ ಹಾಕುವುದು ಅತ್ತೆ. ನಮ್ಮ ಗೋಡೆ ದಾಟಿ ಬೀದಿ ಚರಂಡಿಗೂ ಬಂದೆವು. ಪಕ್ಕದ ಮನೆಯವರು ಇಣುಕಿದರು. ಚಿನ್ನದವನು ಅವಸರದಲ್ಲಿ ಚರಂಡಿ ಅಗೆಯುತ್ತಿದ್ದಾನೆ ಅಂದರೆ ಏನರ್ಥ? ಅವರೂ ಗುದ್ದಲಿ ತಂದರು. ಅವರನ್ನು ನೋಡಿ ಎದುರು ಮನೆಯವರು. ಸಂಜೆಯೊಳಗೆ ಇಡೀ ಬೀದಿಯ ಚರಂಡಿ ಎರಡೂ ಬದಿ ತಳ ಕಾಣುವ ಹಾಗೆ ಖಾಲಿಯಾಯಿತು. ಅವರಿಗೆ ಸಿಕ್ಕಿದ್ದು ಚಮಚ, ಚೆಂಡು, ಒಂದು ಜೊತೆ ಹಲ್ಲುಸೆಟ್ಟು. ಹಲ್ಲುಸೆಟ್ಟಿನ ಯಜಮಾನರು ಮಾತ್ರ ನನ್ನನ್ನು ತಬ್ಬಿಕೊಂಡರು.

ನಾನು ಕೆಸರನ್ನೆಲ್ಲ ಕೂತು ಜಾಲಿಸಿದೆ. ಅತ್ತೆ ಪಕ್ಕದಲ್ಲೇ ಕೂತು ನೀರು ಹೊಯ್ದರು. ಉಳಿದ ಕರಿಮರಳಿಗೆ ಚಿನ್ನವನ್ನು ಅಂಟಿಸಿಕೊಳ್ಳುವ ಪಾದರಸ ಹಾಕಿ ಹಿಂಡಿ, ಪಾದರಸ ಹಾರಿಹೋಗುವ ಹಾಗೆ ಹೊರಗಿನ ಗಾಳಿಯಲ್ಲಿ ಕಾಯಿಸಿ, ಬಂದ ಉಂಡೆಯನ್ನು ಅದೇ ಅಕ್ಕಸಾಲಿಗರ ಮುಂದೆ ಇಟ್ಟೆ. ಅವರು ತೂಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ತೂಗಿದರು.

"ಇಷ್ಟು ಚಿನ್ನ ನನ್ ಚಾಪೆಯಾಗೆ ಇದ್ದಿದ್ರೆ ನಾನು ನಿಂಗೆ ಕೊಡ್ತಿದ್ನೇನಯ್ಯಾ? ಇದು ಬ್ಯಾರೆ ಎಲ್ಲಿಂದ?"

ಅವರ ಅಂಗಡಿಯಲ್ಲೇ ನನಗೆ ಹೊಳೆಯಿತು. ಮದುವೆಯಾದಾಗಿನಿಂದ ನಾನು ಮರಿಗೆ ತೊಳೆದದ್ದು, ಕೈ ತೊಳೆದದ್ದು, ಬಟ್ಟೆ ಒಗೆಸಿದ್ದು ಎಲ್ಲ ಅದೇ ಹಿತ್ತಲಲ್ಲಿ. ನನ್ನ ಮರಿಗೆಯಿಂದ ಜಾರಿದ ಪ್ರತಿಯೊಂದು ಕಾಳೂ ಆ ಚರಂಡಿಯಲ್ಲಿ ಬಂದು ಕೂತಿತ್ತು. ಊರೂರು ಅಲೆದು ಮಣ್ಣು ಹೊತ್ತವನ ಬಂಗಾರ ಅವನ ಬಚ್ಚಲ ನೀರಿನ ಕೆಳಗೇ ಇತ್ತು.

ಬೊಟ್ಟು ಆಯಿತು. ಮದುವೆಯ ಹಿಂದಿನ ದಿನ ಹಿಂದೂಪುರದ ಮನೆಯಲ್ಲಿ ಅತ್ತೆಯೇ ಅರಿಶಿನದ ಕೊಂಬು ಬಿಚ್ಚಿ, ಹೊಸ ಬೊಟ್ಟು ಪೋಣಿಸಿ ಮಗಳ ಕೊರಳಿಗೆ ಕಟ್ಟಿದರು. ನನ್ನ ಹೆಂಡತಿ ಕನ್ನಡಿಯ ಮುಂದೆ ನಿಂತವಳು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ನನಗೆ ಹೇಳಲಾರದಷ್ಟು ಸಂತೋಷವಾಗಿತ್ತು. ಅತ್ತೆಯ ಕಣ್ಣಲ್ಲೂ ನೀರು. ಇಂಥ ಹೊತ್ತಲ್ಲಿ ಅಳಿಯನಿಗೆ ಒಂದು ಒಳ್ಳೆಯ ಮಾತು ಬರುತ್ತದೆ ಅಂತ ಕಾದು ನಿಂತೆ.

ಅತ್ತೆ ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಳಿದರು:

"ಬರೀ ಪಾತ್ರೆ ತೊಳೆದಿದ್ಕೇ ಬೊಟ್ಟಾಯ್ತು ನೋಡಿ ಅಳಿಯಂದ್ರೇ. ಈ ಮದ್ವೆ ಒಂದು ಮುಗೀಲಿ, ಬತ್ತೀನಿ. ನಿಮ್ಮನ್ನೂ ಒಂದ್ಸಲ ಬೂದಿ ಹಾಕಿ ಉಜ್ಜಿ ತೊಳೆದ್ರೆ ನನ್ ಮಗಳಿಗೆ ಒಡ್ಯಾಣವೇ ಆಯ್ತದೆ!"